ಕಲ್ಲಿನ ಸಾಲು, ರನ್ನಿನ ಸಾಲು
(ಎಂಟು ದಾಖಲೆಗಳಿಗೊಂದು ವ್ಯಾಖ್ಯಾನ)

ಪೀಠಿಕೆ

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಭೀಮೆಯ ದಂಡೆಗೆ ಸಿಕ್ಕ ಬೌದ್ಧ ಸ್ತೂಪದ ಕಲ್ಲುಗಳಲ್ಲಿ ಒಂದರ ಮೇಲೆ ಒಬ್ಬ ರಾಜ ರಾಣಿಯೊಡನೆ ನಿಂತಿದ್ದಾನೆ. ಅಲ್ಲಿ ಬ್ರಾಹ್ಮಿಯಲ್ಲಿ ಕೊರೆದದ್ದು ಎರಡೇ ಪದ: ‘ರಾಯ ಅಸೋಕೋ’. ಅವೆರಡು ಇರದಿದ್ದರೆ ಆತ ಯಾವನೋ ಒಬ್ಬ ಅರಸನಾಗಿ ಉಳಿಯುತ್ತಿದ್ದ. ಹಾಗೆಯೇ, ಅವುಗಳನ್ನು ಓದಿ ಹೇಳುವವರು ಬರುವ ತನಕ ಅವು ಕಲ್ಲಿನ ಮೇಲಿನ ಗೀರುಗಳಾಗಿಯೇ ಇದ್ದವು. ಸಾಲು ಎಷ್ಟು ಚಿಕ್ಕದೋ ಅದನ್ನು ಬಿಡಿಸಿ ಹೇಳುವ ಕೆಲಸ ಅಷ್ಟು ದೊಡ್ಡದು.

ದಾಂಡಿಗರ ದಾಖಲೆಗಳೂ ಇಂಥವೇ ಗಿಡ್ಡ ಶಾಸನಗಳು. ಹೆಸರು, ಅಂಕಿ, ಊರು, ವರ್ಷ, ಅಲ್ಲಿಗೆ ಮುಗಿಯಿತು. ಬೇಸ್‌ಬಾಲ್ ಆಡುವ ಅಮೆರಿಕದಲ್ಲಿ ‘56’ ಎಂದರೆ ಸಾಕು, 1941ರಲ್ಲಿ ಸತತ 56 ಪಂದ್ಯಗಳಲ್ಲಿ ಹಿಟ್ ಗಳಿಸಿದ ಜೋ ಡಿಮ್ಯಾಜಿಯೊ ನೆನಪಾಗುತ್ತಾರೆ. ‘714’ ಎಂದರೆ ಬೇಬ್ ರೂತ್, ‘755’ ಎಂದರೆ ಹ್ಯಾಂಕ್ ಆರನ್. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಹುಡುಗರಿಗೂ ಕ್ರಿಕೆಟ್ಟಿನ ಅಂಕಿಗಳು ಮಗ್ಗಿಯಂತೆ ಬಾಯಿಗೆ ಬರುತ್ತವೆ. ಫರಸಿ ಕಲ್ಲಿನ ಗೋಡೆಗೆ ಇದ್ದಿಲಿನಿಂದ ಮೂರು ಗೆರೆ ಎಳೆದು, ಅದನ್ನೇ ಸ್ಟಂಪ್ ಮಾಡಿಕೊಂಡು ಆಡಿದ ಬಾಲ್ಯ ನನ್ನದೂ ಹೌದು. ಅಂಕಿ ಹೇಳಿಕೊಟ್ಟವರು ಆಗ ಬಹಳ ಮಂದಿ ಇದ್ದರು. ಅದರ ಅರ್ಥ ಕೂತು ಹೇಳಿದವರು ಕಡಿಮೆ. ಆ ಕೊರತೆ ತುಂಬುವ ಆಸೆಯಿಂದ, ಹೆಚ್ಚಿನವು ಕರ್ನಾಟಕದ ದಾಂಡಿಗರವೇ ಆದ ಎಂಟು ಸಾಲುಗಳನ್ನು ಇಲ್ಲಿಟ್ಟು, ಒಂದೊಂದನ್ನೇ ಬಿಡಿಸುತ್ತಿದ್ದೇನೆ.

ಸಾಲು 1
*ಜಿ. ಆರ್. ವಿಶ್ವನಾಥ್, 230. ಮೈಸೂರು–ಆಂಧ್ರ, ವಿಜಯವಾಡ, 1967.*

‘ಮೈಸೂರು’: ಇಲ್ಲಿ ಊರಿನ ಹೆಸರಲ್ಲ, ರಾಜ್ಯದ ಹೆಸರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನಮ್ಮ ಕಲಬುರಗಿ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. 1937–38ರಲ್ಲಿ ರಣಜಿ ಟ್ರೋಫಿ ಗೆದ್ದ ಹೈದರಾಬಾದ್ ತಂಡ ಆ ಲೆಕ್ಕದಲ್ಲಿ ನಮ್ಮ ಅಜ್ಜಂದಿರ ತಂಡ. 1967ರ ಹೊತ್ತಿಗೆ ನಾವು ‘ಮೈಸೂರು’ ಎಂಬ ಪದದ ಒಳಗೆ ಬಂದಿದ್ದೆವು. ಆದ್ದರಿಂದ ಈ ಸಾಲಿನಲ್ಲಿ ನಮಗೂ ಪಾಲಿದೆ.

‘ವಿಶ್ವನಾಥ್’: ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದವರು. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಊರು, ನಮ್ಮ ವಾಡಿ ಸಿಮೆಂಟಿನ ಊರು. ಪಾಳಿಯ ಸೈರನ್ನಿಗೆ ಕಿವಿಗೊಟ್ಟು ಬೆಳೆಯುವುದು ಏನೆಂದು ವಾಡಿಯ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ.

‘230’: ಇದು ಅವರ ಮೊದಲ ರಣಜಿ ಪಂದ್ಯ, ಮೊದಲ ಪ್ರಥಮ ದರ್ಜೆ ಪಂದ್ಯವೂ ಹೌದು. ವಯಸ್ಸು ಹದಿನೆಂಟು. ಐದಡಿಯ ಆಸುಪಾಸಿನ ಗಿಡ್ಡ ಹುಡುಗ. ಅಂಕಿ ನೋಡಿದವರು ದೈತ್ಯನನ್ನು ಕಲ್ಪಿಸಿಕೊಳ್ಳುತ್ತಾರೆ. ವಿಶ್ವನಾಥರ ಬಲವಿದ್ದದ್ದು ಮಣಿಕಟ್ಟಿನಲ್ಲಿ. ಚೆಂಡು ಬ್ಯಾಟಿನ ಬಳಿ ಬರುವವರೆಗೆ ಕಾದು, ಕೊನೆಯ ಗಳಿಗೆಯಲ್ಲಿ ಪಾಯಿಂಟಿನ ಕಡೆ ಕತ್ತರಿಸುವ ಆ ಸ್ಕ್ವೇರ್ ಕಟ್ಟಿಗೆ ಎತ್ತರ ಬೇಡ, ಧೈರ್ಯ ಮತ್ತು ಸಮಯಜ್ಞಾನ ಬೇಕು.

ಸಾಲು 2
*ವಿಶ್ವನಾಥ್, 0 ಮತ್ತು 137. ಭಾರತ–ಆಸ್ಟ್ರೇಲಿಯಾ, ಕಾನ್ಪುರ, 1969.*

‘0 ಮತ್ತು’: ಓದುಗರು ಸಾಮಾನ್ಯವಾಗಿ ಹಾರಿ ದಾಟುವ ಪದಗಳಿವು. ಚೊಚ್ಚಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಇಪ್ಪತ್ತು ವರ್ಷದ ಹುಡುಗ ಸೊನ್ನೆಗೆ ಔಟಾಗಿ ಬಂದ. ನಾಯಕ ಪಟೌಡಿ ಅವನಿಗೆ ಧೈರ್ಯ ಹೇಳಿದ್ದನ್ನು ವಿಶ್ವನಾಥ್ ಮುಂದೆ ಜೀವನವಿಡೀ ಸ್ಮರಿಸಿದರು. ‘ಮತ್ತು’ ಎಂಬ ಆ ಪುಟ್ಟ ಪದದಲ್ಲಿ ಎರಡು ಇನಿಂಗ್ಸುಗಳ ನಡುವಿನ ನಿದ್ದೆಗೆಟ್ಟ ರಾತ್ರಿಗಳಿವೆ, ಹಿರಿಯನೊಬ್ಬ ಹೆಗಲ ಮೇಲಿಟ್ಟ ಕೈ ಇದೆ.

‘137’: ಭಾರತದ ಪರ ಚೊಚ್ಚಲ ಟೆಸ್ಟಿನಲ್ಲೇ ಶತಕ ಬಾರಿಸಿದವರು ಇವರಿಗಿಂತ ಮುಂಚೆ ಐವರಿದ್ದರು: 1933ರಲ್ಲಿ ಲಾಲಾ ಅಮರನಾಥ್, ಆಮೇಲೆ ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ್ ಸಿಂಗ್. ಐವರಿಗೂ ಅದೇ ಮೊದಲನೆಯ ಮತ್ತು ಕೊನೆಯ ಟೆಸ್ಟ್ ಶತಕವಾಯಿತು. ಚೊಚ್ಚಲ ಶತಕವೆಂದರೆ ಶಾಪ ಎಂಬ ಮಾತೇ ಹುಟ್ಟಿಕೊಂಡಿತ್ತು. ಅದನ್ನು ಮುರಿದವರು ವಿಶ್ವನಾಥ್. ಒಟ್ಟು 91 ಟೆಸ್ಟು, 6,080 ರನ್ನು, 14 ಶತಕ. ಅವರು ಶತಕ ಹೊಡೆದ ಒಂದು ಟೆಸ್ಟಿನಲ್ಲೂ ಭಾರತ ಸೋಲಲಿಲ್ಲ.

ಸಾಲು 3
*ವಿಶ್ವನಾಥ್, ಔಟಾಗದೆ 97. ಭಾರತ–ವೆಸ್ಟ್ ಇಂಡೀಸ್, ಮದ್ರಾಸ್, 1975.*

ಎಂಟರಲ್ಲಿ ನನಗೆ ಬಹಳ ಪ್ರಿಯವಾದ ಸಾಲು ಇದು. ಶತಕಗಳ ಪಟ್ಟಿಯಲ್ಲಿ ಇದನ್ನು ಹುಡುಕಿದರೆ ಸಿಗದು, ಏಕೆಂದರೆ ಆ ಪಟ್ಟಿ ನೂರರಿಂದ ಶುರುವಾಗುತ್ತದೆ.

‘97’: ತಂಡದ ಮೊತ್ತ 190. ಅರ್ಧಕ್ಕಿಂತ ಹೆಚ್ಚು ಒಬ್ಬರದೇ. ಎದುರಿಗೆ ಆ್ಯಂಡಿ ರಾಬರ್ಟ್ಸ್, ಆ ಇನಿಂಗ್ಸಿನಲ್ಲಿ 64 ರನ್ನಿಗೆ 7 ವಿಕೆಟ್ ಕಿತ್ತವರು. ಸಹಜವಾಗಿ ಏಳುವ ಚೆಂಡು, ಒಂದೊಂದಾಗಿ ಬೀಳುವ ವಿಕೆಟ್ಟು. ಅದರ ನಡುವೆ ಈ ಮಣಿಕಟ್ಟು ಮಾತ್ರ ತನ್ನ ಕೆಲಸ ಬಿಡಲಿಲ್ಲ.

‘ಔಟಾಗದೆ’: ಇಲ್ಲಿ ನಿಲ್ಲಬೇಕು. ಒಬ್ಬ ದಾಂಡಿಗ ಔಟಾಗದೆ ಉಳಿದ ಎಂದರೆ ಇನ್ನೊಂದು ತುದಿಯಲ್ಲಿದ್ದವರೆಲ್ಲ ಔಟಾದರು ಎಂದರ್ಥ. ಆ ತುದಿಯವರನ್ನು ಈ ಸಾಲು ಹೇಳುವುದಿಲ್ಲ, ವ್ಯಾಖ್ಯಾನ ಹೇಳಬೇಕು. 117 ರನ್ನಿಗೆ ಎಂಟು ವಿಕೆಟ್ ಹೋದ ಮೇಲೆ ಬಂದವರು ಬಿಷನ್ ಸಿಂಗ್ ಬೇಡಿ. ಹೊಡೆದದ್ದು 14. ಆದರೆ ಅವರು ನಿಂತದ್ದರಿಂದ ಒಂಬತ್ತನೆಯ ವಿಕೆಟ್ಟಿಗೆ 52 ರನ್ ಬಂತು. ಕೊನೆಯವರು ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರ್. ಬಾಲ್ಯದ ಪೋಲಿಯೊದಿಂದ ಸಣಕಲಾದ ಬಲಗೈಯಿಂದಲೇ ಜಗತ್ತನ್ನು ತಬ್ಬಿಬ್ಬು ಮಾಡಿದ ಬೌಲರ್. ಬ್ಯಾಟು ಅವರ ಕಸುಬಾಗಿರಲಿಲ್ಲ: ಟೆಸ್ಟಿನಲ್ಲಿ ಪಡೆದ ವಿಕೆಟ್ 242, ಗಳಿಸಿದ ರನ್ 167. ಆವತ್ತು ಚಂದ್ರ ಹೊಡೆದದ್ದು 1. ಹತ್ತನೆಯ ವಿಕೆಟ್ಟಿಗೆ ಬಂದದ್ದು 21.

ತಾತ್ಪರ್ಯ: ಚಂದ್ರ ಔಟಾದಾಗ ವಿಶ್ವನಾಥರಿಗೆ ಮೂರು ರನ್ ಬಾಕಿ ಉಳಿಯಿತು, ಭಾರತಕ್ಕೆ ಮಾತ್ರ ಹೋರಾಡಲು ಮೊತ್ತ ದಕ್ಕಿತು. ಆ ಟೆಸ್ಟನ್ನು ಭಾರತ 100 ರನ್ನಿನಿಂದ ಗೆದ್ದಿತು. ದಾಂಡಿಗನ ಲೆಕ್ಕದಲ್ಲಿ ನೂರಾಗದ್ದು ತಂಡದ ಲೆಕ್ಕದಲ್ಲಿ ಸರಿಯಾಗಿ ನೂರಾಯಿತು.

ಸಾಲು 4
*ಶಾಂತಾ ರಂಗಸ್ವಾಮಿ, 108. ಭಾರತ–ನ್ಯೂಜಿಲೆಂಡ್, ಡ್ಯುನೆಡಿನ್, 1977.*

‘ಶಾಂತಾ ರಂಗಸ್ವಾಮಿ’: ಕರ್ನಾಟಕದ ಆಟಗಾರ್ತಿ, ಭಾರತ ತಂಡದ ನಾಯಕಿ. 1976ರಲ್ಲಿ ಪಟ್ನಾದಲ್ಲಿ ವೆಸ್ಟ್ ಇಂಡೀಸನ್ನು ಮಣಿಸಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಗೆಲುವು ಕಂಡದ್ದು ಇವರ ನಾಯಕತ್ವದಲ್ಲೇ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರೂ ಇವರೇ.

‘108’: ಭಾರತದ ಮಹಿಳೆಯೊಬ್ಬರು ಟೆಸ್ಟಿನಲ್ಲಿ ಹೊಡೆದ ಮೊದಲ ಶತಕ. 137 ಗೊತ್ತಿರುವ ಎಷ್ಟು ಜನರಿಗೆ 108 ಗೊತ್ತು? ಆ ಕಾಲದ ಆಟಗಾರ್ತಿಯರು ಕಾಯ್ದಿರಿಸದ ರೈಲು ಬೋಗಿಗಳಲ್ಲಿ ಕಿಟ್ಟು ಹೊತ್ತು ಹೋಗಿ, ಹಾಸ್ಟೆಲಿನ ನೆಲದ ಮೇಲೆ ಮಲಗಿ ಎದ್ದು ಆಡಿದವರು. ಮಹಿಳಾ ಕ್ರಿಕೆಟ್ಟಿನ ಆಡಳಿತ ಭಾರತೀಯ ಕ್ರಿಕೆಟ್ ಮಂಡಳಿಯ ಕೈಗೆ ಬಂದದ್ದು 2006ರಲ್ಲಿ. ಈ ಸಾಲು ಬರೆದಾಗಿಯೇ ಇತ್ತು, ಓದುವ ಮನಸ್ಸು ತಡವಾಗಿ ಬಂತು.

ಬೇಸ್‌ಬಾಲಿನಲ್ಲಿ ಇಂಥದೇ ಒಂದು ಪ್ರಕರಣವಿದೆ. ಅಲ್ಲಿ ಕಪ್ಪು ಜನರನ್ನು ದೊಡ್ಡ ಲೀಗುಗಳಿಗೆ ಸೇರಿಸಿಕೊಳ್ಳದೆ ಇದ್ದ ಕಾಲದಲ್ಲಿ ಅವರು ತಮ್ಮದೇ ಲೀಗುಗಳಲ್ಲಿ ಆಡಿದರು. ಅವರಲ್ಲಿ ಜೋಶ್ ಗಿಬ್ಸನ್ ಮಹಾ ಹೊಡೆತಗಾರ. 1947ರ ಜನವರಿಯಲ್ಲಿ ತೀರಿಕೊಂಡರು. ಅದೇ ಏಪ್ರಿಲಿನಲ್ಲಿ ಜ್ಯಾಕಿ ರಾಬಿನ್ಸನ್ ಆ ಬೇಲಿಯನ್ನು ದಾಟಿದರು. ಆ ಲೀಗುಗಳ ಅಂಕಿಗಳನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿಕೊಂಡದ್ದು 2024ರಲ್ಲಿ. ಜೀವಮಾನದ ಹೊಡೆತದ ಸರಾಸರಿಯಲ್ಲಿ ಬಹುಕಾಲ ಮೇಲಿದ್ದ ಟೈ ಕಾಬ್ ಅವರ .367 ಆಗ ಕೆಳಗಿಳಿಯಿತು, ಗಿಬ್ಸನ್ನರ .372 ಮೇಲಕ್ಕೆ ಬಂತು. ಮೈದಾನದಲ್ಲಿ ಹೊಸದೇನೂ ನಡೆದಿರಲಿಲ್ಲ. ಬರೆದುಕೊಳ್ಳುವವರ ನ್ಯಾಯ ಬದಲಾಗಿತ್ತು.

ಸಾಲು 5
*ಬಾಬ್ ಟೇಲರ್, 43. ಭಾರತ–ಇಂಗ್ಲೆಂಡ್, ಬೊಂಬಾಯಿ, 1980.*

‘ಬಾಬ್ ಟೇಲರ್’: ಇಂಗ್ಲೆಂಡಿನ ವಿಕೆಟ್ ಕೀಪರ್. ಕರ್ನಾಟಕದ ಹೆಸರುಗಳ ನಡುವೆ ಇವರೇಕೆ? ಈ 43 ರನ್ನಿನ ಹಿಂದಿರುವ ಮನಸ್ಸು ವಿಶ್ವನಾಥರದು.

ಅದು ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ನಾಯಕರು ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು, ಬೋಥಮ್ ಮತ್ತು ಟೇಲರ್ ಆಡುತ್ತಿದ್ದರು. ಕಪಿಲ್ ದೇವ್ ಎಸೆತದಲ್ಲಿ ಟೇಲರ್ ಕೀಪರಿಗೆ ಕ್ಯಾಚಿತ್ತರೆಂದು ತೀರ್ಪು ಬಂತು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಕಂಡಿತ್ತು. ಮನವಿಯನ್ನು ಹಿಂತೆಗೆದುಕೊಂಡು ಟೇಲರನ್ನು ವಾಪಸ್ ಕರೆದರು. ಆ ಜತೆಯಾಟ 171 ರನ್ನಿಗೆ ಬೆಳೆಯಿತು. ಬೋಥಮ್ 114 ಹೊಡೆದರು, ಪಂದ್ಯದಲ್ಲಿ 13 ವಿಕೆಟ್ ಕಿತ್ತರು. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು.

ವಿಶೇಷ: ಬೇಸ್‌ಬಾಲಿನ ಟೆಡ್ ವಿಲಿಯಮ್ಸ್ 1941ರ ಋತುವಿನ ಕೊನೆಯ ದಿನ .39955ರಲ್ಲಿ ನಿಂತಿದ್ದರು. ಲೆಕ್ಕ ಸರಿದೂಗಿಸಿದರೆ ಅದೇ .400. ಕೂತುಬಿಡು ಎಂದರೂ ಕೂಡಲಿಲ್ಲ. ಒಂದೇ ದಿನದ ಎರಡು ಪಂದ್ಯಗಳಲ್ಲೂ ಆಡಿ, ಎಂಟರಲ್ಲಿ ಆರು ಹಿಟ್ ಹೊಡೆದು .406ಕ್ಕೆ ಮುಗಿಸಿದರು. ವಿಲಿಯಮ್ಸರ ದಿಟ್ಟತನಕ್ಕೆ ಅಂಕಿಯೇ ಒಲಿಯಿತು. ವಿಶ್ವನಾಥರ ದಿಟ್ಟತನಕ್ಕೆ ಸಿಕ್ಕದ್ದು ಸೋಲು. ಅಂಕಪಟ್ಟಿಯಲ್ಲಿ ‘ಟೇಲರ್, 43’ ಎಂದಷ್ಟೇ ಇದೆ. ಆ 43ರಲ್ಲಿ ಎಷ್ಟು ರನ್ ವಿಶ್ವನಾಥರ ಸತ್ಯದ್ದು ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ. ಮಕ್ಕಳಿಗೆ 230 ಮತ್ತು 137 ಕಲಿಸುವವರು ಈ 43ನ್ನೂ ಕಲಿಸಬೇಕೆಂಬುದು ನನ್ನ ಬೇಡಿಕೆ.

ಸಾಲು 6
*ರಾಹುಲ್ ದ್ರಾವಿಡ್, 31,258 ಚೆಂಡು. 164 ಟೆಸ್ಟ್, 1996–2012.*

‘ಚೆಂಡು’: ಬೇರೆ ಸಾಲುಗಳಲ್ಲಿ ರನ್ ಎಣಿಸಿದೆವು, ಇಲ್ಲಿ ಎದುರಿಸಿದ ಎಸೆತಗಳನ್ನು ಎಣಿಸಬೇಕು. ಟೆಸ್ಟ್ ಇತಿಹಾಸದಲ್ಲಿ ಇಷ್ಟು ಚೆಂಡು ಎದುರಿಸಿದವರು ಬೇರಾರೂ ಇಲ್ಲ. ಕ್ರೀಸಿನಲ್ಲಿ ಕಳೆದದ್ದು 44,152 ನಿಮಿಷ, ಅಂದರೆ 735 ಗಂಟೆಗೂ ಮೇಲೆ. ಗಳಿಸಿದ್ದು 13,288 ರನ್. ನೂರು ಚೆಂಡಿಗೆ 43 ರನ್ನೂ ಆಗುವುದಿಲ್ಲ.

ಬೇಸ್‌ಬಾಲಿನ ದಾಂಡಿಗನಿಗೆ ಈ ಸವಲತ್ತು ಇಲ್ಲ. ಮೂರು ಸ್ಟ್ರೈಕಿಗೆ ಅವನ ಸರದಿ ಮುಗಿಯುತ್ತದೆ, ಚೆಂಡು ತಾಗಿ ಅಂಗಳಕ್ಕೆ ಬಿದ್ದರೆ ಓಡಲೇಬೇಕು. ಹತ್ತರಲ್ಲಿ ಮೂರು ಹಿಟ್ ಹೊಡೆದವನು ಒಳ್ಳೆಯ ಆಟಗಾರ. ನಾಲ್ಕು ದಾಟಿದ ವಿಲಿಯಮ್ಸರ ಆಮೇಲೆ ಆ ದೊಡ್ಡ ಲೀಗುಗಳಲ್ಲಿ ಇಡೀ ಋತು ಅಂಥ ಸರಾಸರಿ ಉಳಿಸಿಕೊಂಡವರು ಯಾರೂ ಇಲ್ಲ. ಕ್ರಿಕೆಟ್ಟಿನಲ್ಲಿ ತಡೆಯಬಹುದು, ಬಿಡಬಹುದು, ಓಡದೆ ನಿಲ್ಲಬಹುದು. ಈ ‘ಬಿಡುವುದು’ ಎಂಬ ವಿದ್ಯೆಯನ್ನು ದ್ರಾವಿಡ್ ಅದರ ತುದಿಗೆ ಒಯ್ದರು. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ 18ರಿಂದ 19ಕ್ಕೆ ಹೋಗಲು ಅವರಿಗೆ 40 ಚೆಂಡು ಬೇಕಾದವು. ಆ ಒಂಟಿ ರನ್ ಬಂದಾಗ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು, ಅವರು ಬ್ಯಾಟೆತ್ತಿ ನಮಸ್ಕರಿಸಿದರು. ಅದೇ ಆಸ್ಟ್ರೇಲಿಯಾದಲ್ಲಿ, 2003ರ ಅಡಿಲೇಡ್ ಟೆಸ್ಟಿನಲ್ಲಿ, 233 ಮತ್ತು ಔಟಾಗದೆ 72 ಹೊಡೆದು ಗೆಲುವಿನ ರನ್ನನ್ನೂ ತಾವೇ ತಂದವರು ಇದೇ ದ್ರಾವಿಡ್.

ಅವರನ್ನು ಗೋಡೆ ಎನ್ನುತ್ತಾರೆ. ಶಹಾಬಾದದವರಾದ ನಮಗೆ ಗೋಡೆ ಏಳುವುದು ಹೇಗೆಂದು ಗೊತ್ತು. ಖಣಿಯಲ್ಲಿ ಸುಣ್ಣಗಲ್ಲು ಪದರ ಪದರವಾಗಿ ಮಲಗಿರುತ್ತದೆ. ಸುತ್ತಿಗೆಯ ಏಟು ಜೋರಾದರೆ ಹಲಗೆ ಒಡೆದು ಹೋಗುತ್ತದೆ. ಉಳಿಯನ್ನು ಪದರದ ಸಂದಿಗಿಟ್ಟು, ತಾಳ್ಮೆಯಿಂದ ಎಬ್ಬಿಸಿದರೆ ಮಾತ್ರ ಇಡಿಯಾಗಿ ಬರುತ್ತದೆ. 31,258 ಎಂಬುದು ಹಾಗೆ ಒಂದೊಂದಾಗಿ ಎಬ್ಬಿಸಿದ ಹಲಗೆಗಳ ಲೆಕ್ಕ.

ಸಾಲು 7
*ಕೆ. ಎಲ್. ರಾಹುಲ್, 199. ಕರುಣ್ ನಾಯರ್, ಔಟಾಗದೆ 303. ಭಾರತ–ಇಂಗ್ಲೆಂಡ್, ಚೆನ್ನೈ, 2016.*

ಒಂದೇ ಇನಿಂಗ್ಸಿನ ಎರಡು ಅಂಕಿಗಳು, ಇಬ್ಬರೂ ಕರ್ನಾಟಕದವರು. 2015ರಲ್ಲಿ ರಾಹುಲ್ ಉತ್ತರಪ್ರದೇಶದ ವಿರುದ್ಧ 337 ಹೊಡೆದು ಕರ್ನಾಟಕದ ಮೊದಲ ತ್ರಿಶತಕ ಬರೆದಿದ್ದರು. ಅದೇ ವರ್ಷ ತಮಿಳುನಾಡಿನ ಮೇಲೆ ರಣಜಿ ಫೈನಲಿನಲ್ಲಿ ಕರುಣ್ 328 ಹೊಡೆದಿದ್ದರು.

‘199’: ಒಂದು ರನ್ ಕಡಿಮೆ ಇರುವುದರಿಂದಲೇ ಜನ ಮರೆಯದ ಅಂಕಿ.

‘303’: ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕವಾಗಿಸಿದವರು ಕರುಣರಿಗಿಂತ ಮುಂಚೆ ಇಬ್ಬರೇ: ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್. ಭಾರತದಲ್ಲಿ ಸೆಹವಾಗ್ ಬಿಟ್ಟರೆ ಟೆಸ್ಟ್ ತ್ರಿಶತಕ ಇವರದೊಂದೇ. ತಂಡ 7 ವಿಕೆಟ್ಟಿಗೆ 759 ಮಾಡಿ ಡಿಕ್ಲೇರ್ ಮಾಡಿತು, ಇನಿಂಗ್ಸ್ ಮತ್ತು 75 ರನ್ನಿನಿಂದ ಗೆದ್ದಿತು.

ಈ ಸಾಲಿನ ಹಿಂದೆ ಮತ್ತು ಮುಂದೆ ಇರುವುದನ್ನೂ ಓದಬೇಕು. ಅದೇ ವರ್ಷ ಜುಲೈಯಲ್ಲಿ ಕೇರಳದ ಪಂಪಾ ನದಿಯಲ್ಲಿ ದೋಣಿ ಮಗುಚಿ ಕರುಣ್ ಬದುಕುಳಿದಿದ್ದರು. 303ರ ನಂತರ ಆಸ್ಟ್ರೇಲಿಯಾದ ವಿರುದ್ಧ ಕೆಲವು ಟೆಸ್ಟ್ ಆಡಿದರು, ಆಮೇಲೆ ತಂಡದಲ್ಲಿ ಜಾಗ ಉಳಿಯಲಿಲ್ಲ. ದೇಶೀಯ ಕ್ರಿಕೆಟ್ಟಿನಲ್ಲಿ ರನ್ ಕೂಡಿಹಾಕುತ್ತಾ ಕಾದು, 2025ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಟೆಸ್ಟಿಗಿಳಿದರು. ನಡುವಿನ ಎಂಟು ವರ್ಷಗಳಲ್ಲಿ ಅವರ ಟೆಸ್ಟ್ ಸಾಲಿಗೆ ಒಂದು ಅಂಕಿಯೂ ಸೇರಲಿಲ್ಲ. ಆ ಖಾಲಿಯಲ್ಲಿ ಪಟ್ಟ ಶ್ರಮ 303 ಹೊಡೆಯುವಾಗ ಪಟ್ಟದ್ದಕ್ಕಿಂತ ಕಡಿಮೆಯಲ್ಲ ಎಂದು ನಾನು ನಂಬುತ್ತೇನೆ.

ಸಾಲು 8
*ಮನೀಶ್ ಪಾಂಡೆ, ಔಟಾಗದೆ 114. ಬೆಂಗಳೂರು–ಡೆಕ್ಕನ್ ಚಾರ್ಜರ್ಸ್, ಸೆಂಚುರಿಯನ್, 2009.*

‘114’: ಐಪಿಎಲ್‌ನಲ್ಲಿ ಭಾರತೀಯನೊಬ್ಬನ ಮೊದಲ ಶತಕ. 73 ಚೆಂಡು. ಹುಟ್ಟಿದ್ದು ನೈನಿತಾಲಿನಲ್ಲಿ, ಆಡಿ ಬೆಳೆದದ್ದು ಕರ್ನಾಟಕದಲ್ಲಿ. ಆಗ ವಯಸ್ಸು ಹತ್ತೊಂಬತ್ತು.

ಈ ಹೆಸರನ್ನು ಕೊನೆಗಿಟ್ಟದ್ದಕ್ಕೆ ಕಾರಣವಿದೆ. 2022ರ ಮಹಾರಾಜ ಟ್ರೋಫಿಯನ್ನು ಗೆದ್ದ ‘ಗುಲ್ಬರ್ಗಾ ಮಿಸ್ಟಿಕ್ಸ್’ ತಂಡದ ನಾಯಕರು ಇದೇ ಮನೀಶ್ ಪಾಂಡೆ. ನಮ್ಮ ಸೀಮೆಯ ಹೆಸರು ಅಂಗಿಯ ಮೇಲೆ ಬಂತು. ಪಂದ್ಯಗಳು ನಡೆದದ್ದು ಮೈಸೂರಿನಲ್ಲಿ ಮತ್ತು ಬೆಂಗಳೂರಿನಲ್ಲಿ. ವಾಡಿಯ ಹುಡುಗ ಗುಲ್ಬರ್ಗಾದ ಗೆಲುವನ್ನು ಮೊಬೈಲಿನಲ್ಲಿ ನೋಡಿ ಕುಣಿದ. ಆ ಸಂತೋಷ ನಿಜವಾದದ್ದು. ಆದರೆ ನಮ್ಮ ಹೆಸರಿನ ತಂಡ ನಮ್ಮ ನೆಲದ ಮೇಲೆ ಆಡುವುದನ್ನು ಬೇಲಿಗೆ ಆತು ನಿಂತು ನೋಡುವ ದಿನವೂ ಬರಬೇಕು. ವಿಶ್ವನಾಥರ ಭದ್ರಾವತಿಯೂ ರಾಜಧಾನಿಯಾಗಿರಲಿಲ್ಲ, ಕಾರ್ಖಾನೆಯ ಊರಾಗಿತ್ತು.

ಉಪಸಂಹಾರ

1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿಕಾ ಗುಡಿಯ ಮಾಳಿಗೆ ಕುಸಿಯಿತು. ಅದನ್ನು ಸರಿಪಡಿಸಲು ಹೋದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು ತಿಳಿಯಿತು. ಎಂದೋ ಯಾರೋ ಮೂರ್ತಿ ನಿಲ್ಲಿಸಲೆಂದು ಅದರ ನಡುವೆ ಚೌಕನೆಯ ತೂತು ಕೊರೆದಿದ್ದರು. ಅಷ್ಟು ಅಕ್ಷರ ಹೋಗಿತ್ತು. ಆದರೆ ಅದೇ ಶಾಸನದ ಪಾಠ ಒಡಿಶಾದ ಧೌಲಿಯಲ್ಲಿ, ಜೌಗಡದಲ್ಲಿ ಉಳಿದಿತ್ತು. ವಿದ್ವಾಂಸರು ಅವನ್ನು ಪಕ್ಕದಲ್ಲಿಟ್ಟುಕೊಂಡು ಸನ್ನತಿಯ ತೂತಿನಲ್ಲಿ ಏನಿತ್ತೆಂದು ಓದಿದರು.

ಮೇಲಿನ ಎಂಟು ಸಾಲುಗಳನ್ನು ನಾನು ಓದಿದ್ದೂ ಹಾಗೆಯೇ. ಔಟಾಗದೆ 97ರಲ್ಲಿ ಬೇಡಿ ಮತ್ತು ಚಂದ್ರರ ಜಾಗದಲ್ಲಿ ತೂತಿತ್ತು, ಟೇಲರರ 43ರಲ್ಲಿ ವಿಶ್ವನಾಥರ ಜಾಗದಲ್ಲಿತ್ತು. ಅದನ್ನು ತುಂಬುವ ಅಕ್ಷರ ಇನ್ನೊಬ್ಬರ ಸಾಲಿನಲ್ಲಿ, ಇನ್ನೊಂದು ಊರಿನ ನೆನಪಿನಲ್ಲಿ ಸಿಕ್ಕಿತು. ಇವತ್ತು ಸಂಜೆ ಫರಸಿ ಗೋಡೆಗೆ ಇದ್ದಿಲ ಗೆರೆ ಎಳೆದು ಆಡುವ ಮಕ್ಕಳು ಕತ್ತಲಾದ ಮೇಲೆ ಯಾರು ಎಷ್ಟು ಹೊಡೆದರೆಂದು ಜಗಳವಾಡುತ್ತಾರೆ. ಆಗ ಪಕ್ಕದಲ್ಲಿದ್ದ ಹಿರಿಯರು ಒಂದು ಮಾತು ಕೇಳಲಿ: ಅವನು ಅಷ್ಟು ಹೊಡೆಯುವಾಗ ಆಚೆ ತುದಿಯಲ್ಲಿ ನಿಂತಿದ್ದವರು ಯಾರಪ್ಪಾ?